ರೊಟ್ಟಿಯ ಬುಡದ ಚೂರಿ

ಕುಸುಬಿ ಎಣ್ಣೆ ಕುಡಿದ ಕಬ್ಬಿಣಕ್ಕೆ ಒಂದು ವಾಸನೆಯಿದೆ. ಅಡಿಗೆಮನೆಯದೂ ಅಲ್ಲ, ಹಳೆಯ ಬೀಗದ್ದೂ ಅಲ್ಲ, ಎರಡರ ನಡುವಿನದು. ಹೋದ ವಾರ ಶಹಾಬಾದಿನ ನನ್ನ ಮನೆಯ ಕಪಾಟಿನ ತಳದಿಂದ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಚೂರಿಯನ್ನು ಹೊರತೆಗೆದಾಗ ಆ ವಾಸನೆ ಬಂತು, ಅದರ ಹಿಂದೆಯೇ ದಂಡೋತಿಯ ನಮ್ಮ ಮನೆಯೂ ಬಂತು. ಕಾಲಿಗೆ ತಂಪು ಹತ್ತುವ ಹಾಸುಗಲ್ಲು, ಪಡಸಾಲೆಯ ಮೂಲೆಯಲ್ಲಿ ಬಿದಿರಿನಿಂದ ಹೆಣೆದು ಸಗಣಿ ಮೆತ್ತಿದ ಜೋಳದ ಗುಮ್ಮಿ, ಅದಕ್ಕೆ ಒರಗಿ ಕೂತ ಮುತ್ಯಾ. ನಮ್ಮ ಕಡೆ ಅಜ್ಜನನ್ನು ಮುತ್ಯಾ ಅನ್ನುತ್ತೇವೆ, ಅಜ್ಜಿಯನ್ನು ಆಯಿ. ಅವರಿಬ್ಬರೂ ಹೋಗಿ ಬಹಳ ವರ್ಷವಾಯಿತು. ಮನೆ ಕುಸಿದು, ಹಾಸುಗಲ್ಲುಗಳು ಯಾರದೋ ಟ್ರ್ಯಾಕ್ಟರ್ ಏರಿ ಹೋದವು. ಉಳಿದದ್ದು ಈ ಚೂರಿ.

ಅದನ್ನು ಹೊರತೆಗೆಯಲು ಕಾರಣ ನನ್ನ ತಂಗಿಯ ಮಗಳು ಭಾಗ್ಯ. ಚಿಂಚೋಳಿಯ ಕಾಡಿನಲ್ಲಿ ಅವಳಿಗೆ ಅರಣ್ಯ ರಕ್ಷಕಿಯ ಕೆಲಸ ಸಿಕ್ಕಿದೆ. ಹೊರಡುವ ಮೊದಲು ನನ್ನ ಮನೆಗೆ ಬಂದು, ಹೊಸ ಚಾಕುವೊಂದನ್ನು ಟಕ್ ಎಂದು ತೆರೆದು, ಟಕ್ ಎಂದು ಮಡಚಿ, "ದೊಡ್ಡವ್ವ, ಕಾಡಿನ್ಯಾಗ ಯಾವ್ದು ಛಲೋ? ಮಡಚೋದೋ, ಮಡಚಲಾರದ್ದೋ?" ಎಂದಳು. ಮಡಚುವುದನ್ನು ಕೊಂಡು ತಂದ ಮೇಲೆ ಕೇಳುವ ಪ್ರಶ್ನೆ ಅದು. ಇದೇ ಪ್ರಶ್ನೆಯನ್ನು ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಒಮ್ಮೆ ಕೇಳಿದ್ದರು, ಅದಕ್ಕೆ ಕೊಟ್ಟ ಉತ್ತರವನ್ನು ನಾನು ನಲವತ್ತು ವರ್ಷ ಹೊತ್ತುಕೊಂಡು ತಿರುಗಿದ್ದೆ.

ಮುತ್ಯಾನ ಚೂರಿ ಊರ ಕಮ್ಮಾರ ಹಳೆಯ ಲಾರಿಯ ಕಮಾನುಪಟ್ಟಿಯನ್ನು ಬಡಿದು ಮಾಡಿದ್ದು. ಅಲಗು ಹಿಡಿಯೊಳಗೆ ಕೊನೆಯವರೆಗೂ ಹೋಗಿತ್ತು, ಹಿಡಿ ಜಾಲಿ ಕಟ್ಟಿಗೆಯದು, ಒರೆ ತೊಗಲಿನದು. ನೋಡಲಿಕ್ಕೆ ಏನೂ ಚೆಂದವಿಲ್ಲ. ಪ್ರತಿ ಸೋಮವಾರ ಪೂಜೆ ಮುಗಿಸಿ, ವಿಭೂತಿ ಇನ್ನೂ ಆರದ ಹಣೆಯಲ್ಲೇ ಕೂತು, ಮುತ್ಯಾ ಅದಕ್ಕೆ ಕುಸುಬಿ ಎಣ್ಣೆ ಸವರುತ್ತಿದ್ದ. ನನ್ನ ಚಿಕ್ಕಪ್ಪ, ಅಂದರೆ ಕಾಕಾನ ಚಾಕು ಬೇರೆಯೇ ಠೀವಿಯದು. ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾದಾಗ ಹೊರಗಿನ ಅಂಗಡಿಯಲ್ಲಿ ಕೊಂಡದ್ದು, ಹಿತ್ತಾಳೆಯ ಹಿಡಿ, ಅದರ ಮೇಲೆ ನವಿಲು. ಅದು ತೆರೆಯುವ ಸದ್ದು ಕೇಳಲಿಕ್ಕೆಂದೇ ನಾನು ಕಾಕಾನ ಬೆನ್ನು ಬಿಡುತ್ತಿರಲಿಲ್ಲ. ಅಪ್ಪ ಮಗನಿಗೆ ಇದರ ಮೇಲೆ ದಿನಾ ವಾದ. "ನಡಾ ಮುರದದ್ದನ್ನ ಹೆಂಗ ನಂಬ್ತಿಯೋ?" ಎಂದು ಮುತ್ಯಾ. "ನಿಂದು ಕುಂತ್ರ ಚುಚ್ತದ, ನಿಂತ್ರ ಜೋತಾಡ್ತದ. ಇದು ಕಿಸೆದಾಗ ಅದ ಅನ್ನೋದೇ ಗೊತ್ತಾಗಂಗಿಲ್ಲ" ಎಂದು ಕಾಕಾ. ಇಬ್ಬರದೂ ಖರೆ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಹಿತ್ತಾಳೆಯ ನವಿಲೊಂದೇ ಖರೆಯಾಗಿತ್ತು.

ಎಳ್ಳಮಾವಾಸ್ಯೆಯ ದಿನ ನಮ್ಮಲ್ಲಿ ಮನೆಗೆ ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಶೇಂಗಾದ ಹೋಳಿಗೆ, ಅದನ್ನೇ ಮೊದಲು ಪೈರಿನ ಮೇಲೆ ಎರಚಿ ಹೊಲಕ್ಕೆ ಚರಗ ಚೆಲ್ಲಿ, ಆಮೇಲೆ ನಾವು ಉಣ್ಣುವುದು. ಆ ವರ್ಷ ಹೊರಡುವ ಮುಂಜಾನೆ ಮತ್ತೆ ವಾದ ಹತ್ತಿತು. ಹಬ್ಬದ ದಿನ ಜಗಳ ಬೇಡವೆಂದು ಆಯಿ ಸಿಟ್ಟಿನಿಂದ, "ಒಂದೇ ಒಯ್ರಿ. ಯಾವ್ದು ಅಂತ ಹುಡುಗಿ ಹೇಳ್ಲಿ" ಎಂದಳು. ನಾನು ಹೇಳಿದ್ದು ನವಿಲಿನದು. ಮುತ್ಯಾ ನಕ್ಕು ಸೊಂಟದ ಒರೆಯನ್ನು ಚೂರಿ ಸಮೇತ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟ. ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ಮುದುಕ ಕಡೇ ಗಳಿಗೆಯಲ್ಲಿ ಮನಸ್ಸು ಬದಲಿಸಿಯಾನು ಎಂಬ ಸಂಶಯದಿಂದ, ಯಾರೂ ಇಲ್ಲದ್ದು ನೋಡಿ, ಒರೆ ಸಮೇತ ಚೂರಿಯನ್ನು ಗುಮ್ಮಿಯ ಜೋಳದೊಳಗೆ ಮೊಣಕೈವರೆಗೆ ತುರುಕಿ ಬಂದೆ. ಬಂಡಿ ಹತ್ತುವಾಗ ಮುತ್ಯಾ ಬರಿ ಸೊಂಟ ಮುಟ್ಟಿಕೊಂಡು ಎಲ್ಲರ ಮುಂದೆ, "ಚೂರಿ ಎಲ್ಲಿಟ್ನೋ ಏನೋ, ಗೂಡಿನ್ಯಾಗ ಇಲ್ಲ. ವಯಸ್ಸಾತು, ಮರವು ಭಾಳ ಆಗ್ಯಾದ" ಎಂದ. ನಾನು ಮುಖ ಆಚೆ ತಿರುಗಿಸಿದೆ.

ಹೊಲ ಕಾಗಿಣಾ ನದಿಯ ದಂಡೆಯಲ್ಲೇ ಇತ್ತು. ಕಾಕಾನ ಚಾಕು ಅಂದು ನನ್ನ ಕೈಯಲ್ಲೇ ಮೆರೆಯಿತು. ಕಬ್ಬು ಸುಲಿದೆ, ಸೌತೆಕಾಯಿ ಹೆಚ್ಚಿದೆ, ಕೊನೆಗೆ ಬೆಲ್ಲದ ಪೆಂಟೆಯನ್ನೂ ಕಡಿದು, ತೊಳೆಯದೆ, ಒರೆಸದೆ, ಹಾಗೆಯೇ ಮಡಚಿ ಕೊಟ್ಟೆ. ಉಂಡು ಜೋಳದ ನೆರಳಿನಲ್ಲಿ ಒರಗಿದ್ದೆವು. ದಂಡೆಯ ಮೇಲಿನ ಜಾಲಿ ಬೊಡ್ಡೆಗೆ ಕಟ್ಟಿದ್ದ ಮಾಸ್ಯಾ, ಅಂದರೆ ನಮ್ಮ ಮಾಸಲು ಬಣ್ಣದ ಎತ್ತು, ಹುಲ್ಲಿನ ಆಸೆಗೆ ಅಂಚಿಗೆ ಹೋಗಿ ಕಾಲು ಜಾರಿತು. ಮುಂಗಾಲು ಗಾಳಿಯಲ್ಲಿ, ಹಿಂಗಾಲು ಎರೆಮಣ್ಣಿನಲ್ಲಿ, ಇಡೀ ಮೈಯ ಭಾರ ಕೊರಳ ಹಗ್ಗದ ಮೇಲೆ. ನಾಲಗೆ ಹೊರಗೆ ಬಂತು. ಭಾರ ಬಿದ್ದ ಗಂಟು ಬಿಚ್ಚುವ ಮಾತೇ ಇರಲಿಲ್ಲ. ಕಾಕಾ ಓಡುತ್ತಲೇ ಚಾಕು ತೆಗೆದ. ಟಕ್ ಅನ್ನಲಿಲ್ಲ. ಬೆಲ್ಲ, ಕಬ್ಬಿನ ರಸ, ಹೊಲದ ಧೂಳು ಸೇರಿ ಕೀಲು ಕಚ್ಚಿ ಕೂತಿತ್ತು. ಉಗುರು ಹಾಕಿ ಎಳೆದ, ಹಲ್ಲಿನಿಂದ ಕಚ್ಚಿ ಎಳೆದ. ಅಲಗು ಅರ್ಧ ಎದ್ದು, ಜಾರಿ, ಅವನ ತೋರುಬೆರಳಿನ ಮೇಲೆಯೇ ಮುಚ್ಚಿಕೊಂಡಿತು.

ಆಗ ಮುತ್ಯಾ ಆಯಿಯ ಕಡೆ ತಿರುಗಿ ಎರಡೇ ಮಾತು ಅಂದ. "ಬುಟ್ಟಿ ತಾ." ಎತ್ತು ಸಾಯುತ್ತಿರುವಾಗ ರೊಟ್ಟಿಯ ಬುಟ್ಟಿ ಯಾಕೆ ಎಂದು ನನಗೆ ತಿಳಿಯಲಿಲ್ಲ. ಆಯಿ ಬುಟ್ಟಿ ಹೊತ್ತು ಓಡಿ ಬಂದಳು, ಉಳಿದ ರೊಟ್ಟಿಗಳನ್ನು ಅರಿವೆ ಸಮೇತ ಎತ್ತಿ ಒಗೆದಳು, ತಳದಿಂದ ಚೂರಿ ತೆಗೆದಳು. ನಾನು ಗುಮ್ಮಿಯಲ್ಲಿ ಹೂತಿಟ್ಟ ಅದೇ ಚೂರಿ, ಒರೆಗೆ ಇನ್ನೂ ಜೋಳದ ಕಾಳು ಅಂಟಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಗಡಿಬಿಡಿಯಲ್ಲೂ ಆಕೆ ಅದನ್ನು ಗಂಡನ ಕೈಗೆ ಕೊಡಲಿಲ್ಲ. ಹರಿತದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಮನಸ್ಸು ಮುರಿಯುತ್ತದೆ ಎಂಬ ನೇಮ ನಮ್ಮ ಮನೆಯದು. ನೆಲದ ಮೇಲಿಟ್ಟಳು, ಮುತ್ಯಾ ಬಾಗಿ ಎತ್ತಿಕೊಂಡ. ಎರಡು ಏಟಿಗೆ ಹಗ್ಗ ಹರಿಯಿತು. ಮಾಸ್ಯಾ ಧಡ್ ಎಂದು ಕೆಳಗಿನ ಮೊಣಕಾಲುದ್ದದ ನೀರಿಗೆ ಬಿತ್ತು, ಒಂದಿಷ್ಟು ಹೊತ್ತು ಹಾಗೆಯೇ ಇತ್ತು, ಆಮೇಲೆ ಎದ್ದು ಕಿವಿ ಕೊಡವಿ ನೀರು ಕುಡಿಯಿತು. ನಾನು ಅತ್ತದ್ದನ್ನು ಎಲ್ಲರೂ ಎತ್ತಿನ ಮೇಲಿನ ಪ್ರೀತಿ ಅಂದುಕೊಂಡರು.

ಜೋಳ ತೆಗೆಯುವಾಗ ಆಯಿಯ ಕೈಗೆ ಸಿಕ್ಕಿರಬೇಕು, ಹಬ್ಬದ ದಿನ ಬಯ್ಯಬಾರದೆಂದು ಸುಮ್ಮನಾಗಿ, ಬುಟ್ಟಿಯಲ್ಲಿದೆ ಎಂದಷ್ಟೇ ಮುತ್ಯಾನಿಗೆ ದಾರಿಯಲ್ಲಿ ಹೇಳಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ. ಕಾಕಾನ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಅದಕ್ಕಿಂತ ಹೆಚ್ಚಿಗೆ ಕೊರೆದದ್ದು ಮುತ್ಯಾನ ಮಾತು. ಅಂದಿನಿಂದ ಮನೆಯಲ್ಲಿ ಏನು ಕಳೆದರೂ ಮುತ್ಯಾನ ಮರೆವಿನ ಮೇಲೆ ನಗೆಚಾಟಿಕೆ. ಅವನೂ ನಗುತ್ತಿದ್ದ. ತನ್ನ ಬುದ್ಧಿ ಕೈಕೊಟ್ಟಿತು ಎಂದು ಆ ಮನುಷ್ಯ ನಿಜವಾಗಿಯೂ ನಂಬಿ, ಅದೇ ನಂಬಿಕೆಯಲ್ಲಿ ಸತ್ತನಲ್ಲ, ನಂಬಿಸಿದವಳು ನಾನಲ್ಲವೇ? ನಿಮ್ಮ ಮನೆಯಲ್ಲೂ ಹೀಗೆ ಯಾರಿಗೋ ಹೇಳದೆ ಉಳಿದ ಮಾತೊಂದು ಇದ್ದೀತು. ಹೇಳಬೇಕಾದವರು ಹೋದ ಮೇಲೆ ಅದು ಎಷ್ಟು ಭಾರವಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಮೊನ್ನೆ ಭಾಗ್ಯಳನ್ನು ಕರೆದುಕೊಂಡು ಸೇಡಂಗೆ ಹೋದೆ. ಕಾಕಾ ಈಗ ಅಲ್ಲಿ ಮಗನ ಮನೆಯಲ್ಲಿದ್ದಾನೆ. ಅವಳ ಚಾಕುವನ್ನು ಆ ಡೊಂಕು ಬೆರಳಿನಿಂದಲೇ ತೆರೆದು ನೋಡಿ, "ಈಗಿನವು ಮಸ್ತ್ ಅವ. ಲಾಕ್ ಅದ, ಬೆರಳು ತಿನ್ನಂಗಿಲ್ಲ. ಆದ್ರ ದಿನಾ ಕೀಲು ಒರಸವ್ವ" ಎಂದ. ನನಗೆ ತಡೆಯಲಾಗಲಿಲ್ಲ. ಜೋಳ, ಗುಮ್ಮಿ, ಬೆಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಐವತ್ತರ ಹತ್ತಿರದ ಹೆಂಗಸು ಕಾಕಾನ ಮುಂದೆ ತಪ್ಪು ಮಾಡಿದ ಹುಡುಗಿಯ ಹಾಗೆ ಕೂತಿದ್ದೆ.

ಕಾಕಾ ಬಹಳ ಹೊತ್ತು ನಕ್ಕ. "ಚಾಕು ನಂದು, ತೊಳಿಯೋದು ನನ್ನ ಕೆಲಸ. ಅದರಾಗ ನಿಂದೇನದ ತಂಗಿ?" ಎಂದ. ಆಮೇಲೆ, "ನೀ ಗುಮ್ಯಾಗ ತುರುಕೋದನ್ನ ಅಪ್ಪ ಕಣ್ಣಾರೆ ನೋಡಿದ್ದ. ಬೆರಳಿಗೆ ಅರಿಶಿಣ ಕಟ್ಟೋ ಮುಂದ ಅವ್ವ ಹೇಳಿದ್ಳು. ತಾನೇ ತಗದು ಅವ್ವನ ಮುಂದ ಇಟ್ಟಿದ್ನಂತ. 'ಹುಡುಗಿ ಆರಿಸ್ಯಾಳ, ಆಕಿ ಮಾತೇ ನಡೀಲಿ. ಇದು ರೊಟ್ಟಿ ಬುಡಕ ಇರ್ಲಿ' ಅಂದಿದ್ನಂತ" ಎಂದ.

"ಮತ್ತ ಆ ಮರವು?"

"ಮರವು ಎಲ್ಲಿದು? ನಿನ್ನ ಮ್ಯಾಲ ಬರಬಾರ್ದು ಅಂತ ತನ್ನ ಮ್ಯಾಲ ಹಾಕೊಂಡಿದ್ದ. ಸಾಯೋತನಕ ಊರಿನ ಎಲ್ಲಾ ಹೊಲದ ಗಡಿ ಬಾಯಾಗ ಹೇಳ್ತಿದ್ನಲ್ಲ."

ಸೇಡಂನಿಂದ ಬರುವ ಬಸ್ಸಿನಲ್ಲಿ ಕಾಗಿಣಾ ಕಂಡಾಗ ಎದೆ ಹಗುರಾಗಿ ಅಳು ಬಂತು. ದುಃಖದ ಅಳುವಲ್ಲ. ಮುತ್ಯಾ ನನ್ನಿಂದ ಮೋಸ ಹೋಗಿರಲಿಲ್ಲ, ಅಷ್ಟು ಸಾಕಾಗಿತ್ತು ನನಗೆ. ಕೇಳಿದರೆ ಈಗ ಉತ್ತರ ಹೇಳಬಲ್ಲೆ. ಕಿಸೆಗೆ ಮಡಚುವುದು, ಜೀವಕ್ಕೆ ಮಡಚಲಾರದ್ದು. ಆದರೆ ಭಾಗ್ಯಳಿಗೆ ಹೇಳಲಿಲ್ಲ. ಅವಳು ಆರಿಸಿಯಾಗಿತ್ತು.

ನಿನ್ನೆ ಮುಂಜಾನೆ ಅವಳು ಚಿಂಚೋಳಿಗೆ ಹೊರಟಳು. ಕಿಸೆಯಲ್ಲಿ ಹೊಸ ಚಾಕು. "ಛಲೋದೇ ಆರಿಸೀದಿ" ಎಂದು ಬೆನ್ನು ತಟ್ಟಿ, ರೊಟ್ಟಿಯ ಗಂಟನ್ನು ನೆಲದ ಮೇಲಿಟ್ಟೆ. "ಕೈಯಾಗ ಕೊಡಬಾರ್ದೇನು ದೊಡ್ಡವ್ವ?" ಎನ್ನುತ್ತ ಬಾಗಿ ಎತ್ತಿಕೊಂಡಳು. ಗಂಟನ್ನು ಕೈಯಲ್ಲಿ ತೂಗಿ ನೋಡಿ, "ರೊಟ್ಟಿ ಭಾಳ ವಜ್ಜಾ ಅವಲ್ಲ" ಎಂದಳು.

"ದಪ್ಪ ಬಡಿದೀನವ್ವ" ಎಂದೆ.