ಬುಧವಾರವೇ ಬಂದ ಶುಕ್ರವಾರ

ಕೀಬೋರ್ಡಿನ ಮುಂದೆ ಕೂತರೆ ಅಕ್ಕಾರು ಮೊದಲು ಎರಡೂ ಕೈಯ ಹಸಿರು ಬಳೆಗಳನ್ನು ಮೊಳಕೈವರೆಗೆ ಏರಿಸುತ್ತಿದ್ದರು, ರೊಟ್ಟಿಯ ಹಿಟ್ಟು ನಾದಲು ಕೂತವರ ಹಾಗೆ. ಆಗ ಮಾತಾಡಿಸಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಪುಣೆಯ ಶಿವಾಜಿನಗರದಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ತೆಗೆಯುವ ಆಫೀಸು ನಮ್ಮದು. ಎರಡು ಸಾವಿರನೇ ಇಸವಿಯ ಆಚೀಚಿನ ವರ್ಷಗಳು. ಧಾರವಾಡದ ಅಕ್ಕಾರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ಬೆಳಗಾವಿಯಿಂದ ಬಂದ ನಾನು ಅವರ ಕೈಕೆಳಗೆ. ಡ್ರಾಯಿಂಗೆಲ್ಲ ಒಂದೇ ಲಿನಕ್ಸ್ ಸರ್ವರ್‌ನಲ್ಲಿದ್ದವು, ಎಲ್ಲರೂ ತಮ್ಮ ತಮ್ಮ ಮೇಜಿನಿಂದಲೇ ತೆರೆಯುತ್ತಿದ್ದರು. ಅಕ್ಕಾರು ಹಠ ಹಿಡಿದು ತರಿಸಿದ ಸರ್ವರ್ ಅದು. ಅದಕ್ಕೆ ಯಾರಾದರೂ ಏನಾದರೂ ಅಂದರೆ ತವರುಮನೆಗೆ ಅಂದಷ್ಟೇ ಸಿಟ್ಟು.

ಊರಾಚೆಯ ನಿಗಡಿಯ ದೊಡ್ಡ ಗಿರಾಕಿಯೊಬ್ಬರು ಸರ್ವರ್‌ಗೆ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಇದ್ದರೆ ಮಾತ್ರ ಕೆಲಸ ಕೊಡುವುದು ಎಂದರು. ಅಕ್ಕಾರು ಹಾಕಿದರು. ವಾರವಿಡೀ ಚೆನ್ನಾಗಿ ನಡೆದು, ಶುಕ್ರವಾರ ಬೆಳಿಗ್ಗೆ ಒಂದು ಡ್ರಾಯಿಂಗೂ ತೆರೆಯಲಿಲ್ಲ. ಏನೋ ತಿದ್ದಿ ಸರಿಮಾಡಿದರೆ ಮುಂದಿನ ಶುಕ್ರವಾರ ಮತ್ತದೇ ಗೋಳು. ಯಾರೋ ಸರ್ವರ್‌ಗೆ ಹೂವೇರಿಸಿ ಊದುಬತ್ತಿ ಹಚ್ಚಿಟ್ಟರು.

"ಹೊಗಿ ಫ್ಯಾನಿನಾಗ ಹೋಗ್ತದ, ತಗೀರಿ ಅದನ್ನ," ಎಂದು ಅಕ್ಕಾರು ಗದರಿದರು.

ಡ್ರಾಯಿಂಗ್ ತಡವಾಗಿ ಬೇಸತ್ತ ಗಿರಾಕಿ, ಬುಧವಾರ ತಾವೇ ಬಂದು ನೋಡುವುದಾಗಿ ಹೇಳಿಕಳಿಸಿದರು. ಈ ಕೆಲಸ ಕೈತಪ್ಪಿದರೆ ಆ ಸರ್ವರ್ ಕೂಡ ಬೇಡ, ಅದರ ಉಸಾಬರಿ ನೋಡುವವರೂ ಬೇಡ ಎಂದು ನಮ್ಮ ಮಾಲೀಕರು ಮರಾಠಿಯಲ್ಲಿ ಸಿಡುಕಿದರು.

"ಅಕ್ಕಾರ, ಫೈರ್‌ವಾಲ್ ತಗದುಬಿಡೂಣೇನ್ರಿ?" ಎಂದೆ, ಹೆದರಿ.

"ಬಾಗಲಾ ಸರಿಯಾಗಿ ತೆರೀಲಿಲ್ಲಂದ್ರ ಬಾಗಲಾನ ಕಿತ್ತ ಒಗೀತಾರೇನ? ಹೇಳು, ಗುರುವಾರ ಏನಿರ್ತದ ನಮ್ಮಲ್ಲೆ?"

"ಏನೂ ಇರಂಗಿಲ್ರಿ. ಕರೆಂಟೂ ಇರಂಗಿಲ್ಲ."

ಅಕ್ಕಾರು ಬಳೆ ಏರಿಸಿದರು. ಪುಣೆಯಲ್ಲಿ ಗುರುವಾರ ಕರೆಂಟು ತೆಗೆಯುವ ದಿನ, ಆಫೀಸಿಗೂ ರಜೆ, ಸರ್ವರ್ ಕೂಡ ಬಂದ್. ಶುಕ್ರವಾರ ಎದ್ದಾಗ, ಫೈಲು ಹಂಚುವ ಸೇವೆಯ ಒಂದು ಭಾಗ ಮನಸ್ಸಿಗೆ ಬಂದ ಹೊಸ ಪೋರ್ಟ್, ಅಂದರೆ ಫೈಲು ಹೋಗಿಬರುವ ಬಾಗಿಲು, ಹಿಡಿಯುತ್ತಿತ್ತು. ಫೈರ್‌ವಾಲ್ ಪಾಪ, ಹಳೆಯ ಪೋರ್ಟನ್ನೇ ತೆರೆದಿಟ್ಟು ಕಾಯುತ್ತಿತ್ತು. ಅಕ್ಕಾರು ಆ ಸೇವೆಗೆ ಒಂದೇ ಪೋರ್ಟನ್ನು ಕಾಯಂ ಮಾಡಿ, ನಮ್ಮ ಆಫೀಸಿನ ಯಂತ್ರಗಳಿಗೆ ಮಾತ್ರ ಅದನ್ನು ತೆರೆದರು.

ಬುಧವಾರ ಗಿರಾಕಿಯೆದುರು ಡ್ರಾಯಿಂಗುಗಳೆಲ್ಲ ತೆರೆದವು. ಅವರು ನಕ್ಕು, "ಇವತ್ತೇನೋ ಸರಿ, ಶುಕ್ರವಾರ?" ಎಂದು ಮರಾಠಿಯಲ್ಲಿ ಕೇಳಿದರು.

"ಶುಕ್ರವಾರದ ತನಕಾ ಯಾಕ ಕಾಯೋದು? ಈಗ ಶುಕ್ರವಾರ ಮಾಡ್ತೀನಿ," ಎಂದು ನನಗೆ ಕನ್ನಡದಲ್ಲಿ ಹೇಳಿ, ತೆರೆದ ಡ್ರಾಯಿಂಗುಗಳನ್ನು ಸೇವ್ ಮಾಡಿಕೊಳ್ಳಲು ಅಕ್ಕಾರು ಎಲ್ಲರಿಗೂ ಕೂಗಿ ಹೇಳಿದರು. ಮರುಗಳಿಗೆ ಸರ್ವರ್ ಬಂದ್. ಮಾಲೀಕರ ಮುಖ ಬಿಳಚಿಕೊಂಡಿತು. ಅಕ್ಕಾರು ಮಾತ್ರ ನಿಧಾನವಾಗಿ ಚಹಾ ಕುಡಿದು, ಮತ್ತೆ ಅದನ್ನು ಎಬ್ಬಿಸಿದರು.

ಮೂಲೆಯ ಮೇಜಿನಿಂದ ಒಂದು ದನಿ ಬಂತು: "ಉಘಡಲಂ!" ತೆರೆಯಿತು ಅಂತ. ಕಿಟಕಿಯ ಕಡೆಯಿಂದ ಇನ್ನೊಂದು. ಆಮೇಲೆ ಇಡೀ ಆಫೀಸೇ ಮೇಜು ಗುದ್ದಿ ಕೂಗಿತು. ನನ್ನ ಕಣ್ಣಲ್ಲಿ ನೀರು. ಗಿರಾಕಿ ಎದ್ದು ನಿಂತು ಅಕ್ಕಾರಿಗೆ ಕೈಮುಗಿದರು, ಕೆಲಸ ನಮ್ಮಲ್ಲೇ ಉಳಿಯಿತು.

"ಮಲಗಿ ಎದ್ದ ಮ್ಯಾಲೂ ನಡದ್ರನ ಕೆಲಸ ಮುಗದಂಗ, ತಿಳೀತೋ ಇಲ್ಲೋ?" ಎಂದು ನನಗೆ ಹೇಳಿ ಅಕ್ಕಾರು ಬಳೆ ಇಳಿಸಿದರು.

ಅಕ್ಕಾರು ಈಗಿಲ್ಲ. ಅವರಿಂದ ಕಲಿತದ್ದರಲ್ಲೇ ನಾನು ಇಷ್ಟು ವರ್ಷ ಉಂಡಿದ್ದೇನೆ. ಕೈಕೆಳಗಿನವರು ಬಂದು ಎಲ್ಲ ಸರಿಯಾಯಿತು ಎಂದರೆ, "ಮಲಗಿಸಿ ಎಬ್ಬಿಸಿದಿರೇನು?" ಎಂದು ಕೇಳುತ್ತೇನೆ. ಕೇಳುವ ಹೊತ್ತಿಗೆ ನನ್ನ ಬಳೆಗಳು ಆಗಲೇ ಮೊಳಕೈಗೆ ಏರಿರುತ್ತವೆ.