ಕಸದ ಡಾಕ್ಟರಮ್ಮ

ಹೆರಿಗೆ ಆಸ್ಪತ್ರೆಯಲ್ಲಿ ನನ್ನ ದೊಡ್ಡಮ್ಮನಿಗೆ ‘ಕಸದ ಡಾಕ್ಟರಮ್ಮ’ ಎಂದು ಹೆಸರಿತ್ತು. ಮಗು ಹುಟ್ಟಿದ ಮೇಲೆ ಮಾಸು ಬೀಳುತ್ತದಲ್ಲ, ಅದನ್ನು ಹೆಂಗಸರು ಕಸ ಎಂದೇ ಕರೆಯುವುದು. ಎಲ್ಲರೂ ಅದನ್ನು ಬಕೆಟ್ಟಿಗೆ ಹಾಕಿ ಮರೆತರೆ, ದೊಡ್ಡಮ್ಮ ಮಾತ್ರ ತೊಳೆದು, ತೂಗಿ, ತಿರುಗಿಸಿ ಮುರುಗಿಸಿ ನೋಡಿ ಬರೆದಿಡುತ್ತಿದ್ದಳು. ಒಂದೆರಡು ದಿನವಲ್ಲ, ಒಂಬತ್ತು ವರ್ಷ. ಹೆರಿಗೆ ಕೋಣೆಯ ಹಿಂದೆ ಕೊಳೆ ಬಟ್ಟೆ ಗುಡ್ಡೆ ಹಾಕುವ ಜಾಗದಲ್ಲಿ ಒಂದು ಕಲ್ಲಿನ ಕಟ್ಟೆ, ಸೋರುವ ನಲ್ಲಿ, ಒಂದು ತಕ್ಕಡಿ. ಅದೇ ಅವಳ ಪ್ರಯೋಗಶಾಲೆ.

“ಕಸದಿಂದ ರಸ ತೆಗೀತಾರಂತೆ ನಮ್ಮ ಡಾಕ್ಟರಮ್ಮ” ಎಂದು ವಾರ್ಡಿನಲ್ಲಿ ನಗುತ್ತಿದ್ದರು. ದೊಡ್ಡಮ್ಮನೂ ನಗುತ್ತಿದ್ದಳು, ಅರ್ಧ ಮಾತ್ರ. ಪೂರ್ತಿ ನಗುವಷ್ಟು ತ್ರಾಣ ಅವಳಲ್ಲಿ ಎಂದೂ ಉಳಿದಿರುತ್ತಿರಲಿಲ್ಲ.

ಈ ಹುಚ್ಚು ಹಿಡಿದದ್ದು ಒಬ್ಬ ಬಾಣಂತಿಯಿಂದ. ದೊಡ್ಡಮ್ಮ ಆಗಿನ್ನೂ ಕಿರಿಯ ವೈದ್ಯೆ. ಬಟ್ಟೆ ಹೊಲಿಯುವ ಹೆಂಗಸೊಬ್ಬಳಿಗೆ ಹೂವೆತ್ತಿದಷ್ಟು ಸಲೀಸಾಗಿ ಹೆರಿಗೆಯಾಗಿತ್ತು. ಎರಡನೇ ದಿನ ಮನೆಗೆ ಹೊರಟವಳು, “ಡಾಕ್ಟ್ರೇ, ತಲೆ ಯಾಕೋ ಸಿಡೀತಿದೆ” ಎಂದಳು.

“ನಿದ್ದೆಗೆಟ್ಟಿದ್ದೀಯಲ್ಲ, ಮಲಗಿದ್ರೆ ಸರಿಹೋಗುತ್ತೆ” ಎಂದು ದೊಡ್ಡಮ್ಮ ಚೀಟಿಗೆ ಸಹಿ ಹಾಕಿ ಕಳಿಸಿದಳು.

ಐದನೇ ದಿನ ಬೆಳಿಗ್ಗೆ ಅವಳನ್ನು ಹೊತ್ತು ತಂದರು. ಕೈಕಾಲು ಸೆಟೆದುಕೊಂಡು ಮೇಲಿಂದ ಮೇಲೆ ಫಿಟ್ಸ್ ಬರುತ್ತಿತ್ತು. ಬಿಪಿ ಅಳತೆ ಮೀರಿ ಏರಿತ್ತು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅವಳ ತಾಯಿ ಬೈಯಲಿಲ್ಲ, ಅಳಲೂ ಇಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು, “ನೀವು ಹೇಳಿದ ಹಾಗೇ ಮಲಗಿಸಿದ್ವಿ ಅಮ್ಮ” ಎಂದಳು, ಅಷ್ಟೇ.

ಬಸಿರಿಯರ ಬಿಪಿ ಏರುವುದಕ್ಕೆ ಮಾಸೇ ಮೂಲ ಎಂದು ಪುಸ್ತಕಗಳು ಹೇಳುತ್ತಿದ್ದವು. ಹಾಗಾದರೆ ಮನೆಗೆ ಹೋದ ಮೇಲೆ ಯಾರಿಗೆ ಏರುತ್ತದೆ ಎಂಬುದನ್ನೂ ಮಾಸು ನೋಡಿಯೇ ಹೇಳಬಹುದಲ್ಲ ಎಂದು ದೊಡ್ಡಮ್ಮ ಹೊರಟಳು. ನನ್ನ ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವಳ ಮನೆಯಲ್ಲೇ. ಸಂಜೆ ಬಂದವಳು ಕೈ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು, ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ “ಪುರುಸೊತ್ತಾಗ್ಲಿಲ್ಲ” ಎನ್ನುತ್ತಿದ್ದಳು. ಅದು ತಮಾಷೆಯೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ.

ಎರಡು ಸಾವಿರಕ್ಕೂ ಹೆಚ್ಚು ಮಾಸು ತೂಗಿದ ಮೇಲೆ ತಿಳಿದದ್ದು, ಮಾಸು ನೋಡಿ ಏನೂ ಹೇಳಲಾಗದು ಎಂದು. ಫಿಟ್ಸ್ ಬಂದು ವಾಪಸಾದವರಲ್ಲಿ ತುಂಬು ಚೆಂದದ ಮಾಸಿನವರೂ ಇದ್ದರು. ಕಲೆಕಲೆ ಮಾಸಿನ ಎಷ್ಟೋ ಮಂದಿ ಗುಂಡುಕಲ್ಲಿನ ಹಾಗಿದ್ದರು.

“ಹೊಳೇಲಿ ಹುಣಸೆಹಣ್ಣು ಹಿಂಡಿದ ಹಾಗಾಯ್ತು ಕಣೆ” ಎಂದಳು ನನಗೆ.

ಅಷ್ಟೂ ವರ್ಷ ಅವಳ ಜೊತೆ ನಿಂತು ಮಾಸು ತೊಳೆದವಳು ವಾರ್ಡಿನ ಆಯಾ. ತಕ್ಕಡಿ ಒರೆಸುತ್ತಾ ಅವಳೆಂದಳು: “ಕಸ ನೋಡಿದ್ದು ಸಾಕು. ಹೆತ್ತವಳನ್ನೇ ಹೋಗಿ ನೋಡಬಾರ್ದಾ ಅಮ್ಮ?”

ದೊಡ್ಡಮ್ಮ ತಕ್ಕಡಿಯನ್ನು ಎತ್ತಿ ಮೂಲೆಗಿಟ್ಟಳಂತೆ.

ಮಾರನೇ ವಾರದಿಂದ ಇಬ್ಬರೂ ಬಿಪಿ ಮಷೀನು ಹೊತ್ತು ಬಾಣಂತಿಯರ ಮನೆ ಮನೆ ತಿರುಗಿದರು. ಮೂರನೇ ದಿನ, ಐದನೇ ದಿನ, ಏಳನೇ ದಿನ. ಕತ್ತಲೆ ಮೆಟ್ಟಿಲುಗಳು, ಅಟ್ಟದ ಮೇಲಿನ ಕೋಣೆಗಳು, ಕಾರ್ಖಾನೆಯ ಹಿಂದಿನ ಸಾಲುಮನೆಗಳು. ಬಾಗಿಲಲ್ಲೇ ಅತ್ತೆಯಂದಿರು ತಡೆಯುತ್ತಿದ್ದರು: “ಹೆರಿಗೆ ಆಯ್ತಲ್ಲ, ಇನ್ನೇನು ನೋಡೋದು?” ಬೆಳಗಿನ ವಾರ್ಡು ಮುಗಿಸಿ ಈ ಸುತ್ತಾಟ. ನಾಲ್ಕು ವರ್ಷದಲ್ಲಿ ದೊಡ್ಡಮ್ಮನ ಮಂಡಿ ಸವೆಯಿತು, ಆಯಾಳ ಬೆನ್ನು ಬಾಗಿತು. ಆದರೆ ಏಳುನೂರು ಬಾಣಂತಿಯರ ಅಂಕಿಗಳನ್ನು ಸಾಲಾಗಿ ಬರೆದಾಗ ವಿಷಯ ಕಣ್ಣಿಗೆ ಹೊಡೆಯುವಂತಿತ್ತು. ಆಸ್ಪತ್ರೆಯಿಂದ ಕಳಿಸುವ ದಿನ ಬಿಪಿ ಇಳಿದಿರುತ್ತದೆ. ಮೂರರಿಂದ ಆರನೇ ದಿನದೊಳಗೆ, ಯಾರೂ ನೋಡದ ಹೊತ್ತಿನಲ್ಲಿ, ಅದು ಸದ್ದಿಲ್ಲದೆ ಏರುತ್ತದೆ.

ವಿಭಾಗದ ಮುಖ್ಯಸ್ಥರು ಹಾಳೆಗಳನ್ನು ಮಗುಚಿ ನೋಡಿ ನಕ್ಕರು. “ಮಗು ಹೊರಗೆ ಬಂತು, ಮಾಸೂ ಬಿತ್ತು. ಇನ್ನು ಬಸಿರಿನ ಕಾಯಿಲೆ ಎಲ್ಲಿಂದ ಬರುತ್ತೆ ಹೇಳಿ? ದಣಿದಿದ್ದೀರಿ ನೀವು. ಸ್ವಲ್ಪ ದಿನ ರಜೆ ಹಾಕಿ.”

ದಣಿದಿದ್ದದ್ದು ನಿಜ. ರಜೆ ಹಾಕಲಿಲ್ಲ. ಎರಡು ವೈದ್ಯಕೀಯ ಪತ್ರಿಕೆಗಳು ಅವಳ ಬರಹವನ್ನು ಹಿಂದಿರುಗಿಸಿದವು. ಮೂರನೆಯದು ಕೊನೆಯ ಪುಟಗಳಲ್ಲಿ ಎಲ್ಲೋ ಹಾಕಿತು. ಆರು ವರ್ಷ ಕಳೆದ ಮೇಲೆ ದೂರದ ದೊಡ್ಡ ಆಸ್ಪತ್ರೆಯೊಂದು ಹತ್ತು ಪಟ್ಟು ಬಾಣಂತಿಯರನ್ನು ಇಟ್ಟುಕೊಂಡು ಅದನ್ನೇ ಹೇಳಿತು. ಆಗ ಎಲ್ಲರಿಗೂ ಎಚ್ಚರವಾಯಿತು. ಐದನೇ ದಿನ ನರ್ಸು ಬಾಣಂತಿಯ ಮನೆಗೆ ಹೋಗಿ ಬಿಪಿ ನೋಡಲೇಬೇಕೆಂದು ಇಲಾಖೆಯ ಸುತ್ತೋಲೆ ಬಂತು. ಅದರಲ್ಲಿ ಆ ದೊಡ್ಡ ಆಸ್ಪತ್ರೆಯ ಹೆಸರಿತ್ತು, ದೊಡ್ಡಮ್ಮನದಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. “ಇದು ನಿನ್ನದೇ ಅಲ್ವಾ ದೊಡ್ಡಮ್ಮ?”

“ಯಾರದಾದ್ರೆ ಏನೇ? ಇನ್ನು ನಾನು ಮೆಟ್ಟಿಲು ಹತ್ತಬೇಕಾಗಿಲ್ಲವಲ್ಲ” ಎಂದು ಕಾಲು ಚಾಚಿದಳು.

ನನಗೆ ಮಗುವಾದಾಗ ಅವಳಿಗೆ ಎಪ್ಪತ್ತೊಂದು. ಐದನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನರ್ಸು ಬಂದಳು. ಚಿಕ್ಕ ವಯಸ್ಸು, ಬೆವರಿ ತೊಪ್ಪೆಯಾಗಿದ್ದಳು. ನಿಂತಲ್ಲೇ ನನ್ನ ಹೆಸರು ಕೇಳಿದಳು, ಚೀಲ ಬಿಚ್ಚಲೇ ಇಲ್ಲ, ಪುಸ್ತಕದಲ್ಲಿ ನೂರಿಪ್ಪತ್ತು–ಎಂಬತ್ತು ಎಂದು ಬರೆದುಕೊಂಡು ತಿರುಗಿದಳು.

ಕಿಟಕಿಯ ಪಕ್ಕ ಕೂತಿದ್ದ ದೊಡ್ಡಮ್ಮ ಇದನ್ನು ನೋಡಿದಳು. ಇನ್ನು ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ.

“ಇವತ್ತು ಎಷ್ಟು ಮನೆಯಮ್ಮ ನಿನಗೆ?”

“ಮೂವತ್ತೆಂಟು ಅಜ್ಜಿ. ಇದು ಹನ್ನೊಂದನೇದು.”

“ಎಲ್ಲರಿಗೂ ಇದೇ ಅಂಕಿ ಬರೀತೀಯಾ?”

ಆ ಹುಡುಗಿಯ ಕಣ್ಣು ತುಂಬಿತು. “ಎಲ್ಲರದೂ ನೋಡ್ತಾ ಕೂತ್ರೆ ಮುಗಿಯೋದೇ ಇಲ್ಲ ಅಜ್ಜಿ. ಕಾಲು ಬಿದ್ದುಹೋಗಿದೆ.”

“ಗೊತ್ತು. ಕೂತ್ಕೋ ಮೊದಲು. ನೀರು ಕುಡಿ.”

ಮಷೀನನ್ನು ಅವಳ ಚೀಲದಿಂದ ತೆಗೆದು ನನ್ನ ತೋಳಿಗೆ ತಾನೇ ಕಟ್ಟಿದಳು. ನನ್ನದು ಸರಿಯಾಗಿಯೇ ಇತ್ತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನರ್ಸಿನ ಹಿಂದೆ ಹೊರಟೇಬಿಟ್ಟಳು. “ಮಂಡಿ ಕಥೆ ಏನು?” ಎಂದು ನಾನು ಕೂಗಿದ್ದು ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಕೊಳ್ಳಲಿಲ್ಲ.

ಒಂಬತ್ತು ಮನೆ ಸುತ್ತಿದಳು. ಆರನೆಯದರಲ್ಲಿ ಬಸ್ ಕಂಡಕ್ಟರನ ಹೆಂಡತಿಯ ಬಿಪಿ ನೂರ ಎಪ್ಪತ್ತೆಂಟಿತ್ತು. ಅವಳು “ನಂಗೇನಾಗಿಲ್ಲ, ಕಣ್ಣು ಸ್ವಲ್ಪ ಮಂಜು ಅಷ್ಟೇ” ಎನ್ನುತ್ತಿದ್ದಂತೆಯೇ ಆಸ್ಪತ್ರೆಗೆ ಸಾಗಿಸಿದರು. ಬದುಕಿಕೊಂಡಳು.

ನಾಲ್ಕು ಗಂಟೆಗೆ ದೊಡ್ಡಮ್ಮ ಮರಳಿದಾಗ ಬಗ್ಗಿ ಚಪ್ಪಲಿ ಬಿಚ್ಚಲೂ ಆಗಲಿಲ್ಲ. ನಾನೇ ಬಿಚ್ಚಿದೆ. ಆ ಹೆಂಗಸು ಸಮಯಕ್ಕೆ ಸಿಕ್ಕಿದ್ದಕ್ಕೆ ಖುಷಿಪಡುತ್ತಾಳೆ ಎಂದು ಕಾದೆ. ಅವಳೆಂದದ್ದು ಬೇರೆ: “ಬಾಣಂತಿಯರನ್ನೆಲ್ಲ ಎಣಿಸಿದೆ ಕಣೆ. ನರ್ಸುಗಳನ್ನ ಎಣಿಸೋದೇ ಮರೆತೆ.”

ಅವಳ ಕೊನೆಯ ವರ್ಷ ಅದಕ್ಕೇ ಹೋಯಿತು. ಭಾನುವಾರ ಒಬ್ಬೊಬ್ಬರಾಗಿ ನರ್ಸುಗಳು ನಮ್ಮ ಮನೆಗೆ ಬರುತ್ತಿದ್ದರು. ಎಷ್ಟು ಮನೆ ಕೊಟ್ಟಿದ್ದಾರೆ, ಎಷ್ಟರಲ್ಲಿ ನಿಜವಾಗಿ ನೋಡಿದಿರಿ ಎಂದು ಕೇಳಿ, ಯಾರ ಹೆಸರನ್ನೂ ಹಾಕದೆ ಬರೆದುಕೊಳ್ಳುತ್ತಿದ್ದಳು. ದಿನಕ್ಕೆ ಹದಿನೈದು ದಾಟಿದರೆ ಅಂಕಿಗಳೆಲ್ಲ ಒಂದೇ ಆಗತೊಡಗುತ್ತವೆ ಎಂದು ಐದು ಪುಟದಲ್ಲಿ ಬರೆದು ಇಲಾಖೆಗೆ ಕಳಿಸಿದಳು. ಉತ್ತರ ಬರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ.

ಒಂದೂವರೆ ವರ್ಷದ ಮೇಲೆ ನಮ್ಮ ಭಾಗದಲ್ಲಿ ಮಾತ್ರ, ಅದೂ ಪರೀಕ್ಷೆಗೆಂದು, ನರ್ಸಿಗೆ ದಿನಕ್ಕೆ ಹದಿನೈದೇ ಮನೆ ಎಂದು ಮಾಡಿದರು. ಮೊನ್ನೆ ಆ ನರ್ಸು ಹುಡುಗಿ ದಾರಿಯಲ್ಲಿ ಸಿಕ್ಕಿದ್ದಳು.

“ಈಗ ಆರಾಮಾ?” ಎಂದು ಕೇಳಿದೆ.

“ಹದಿನೈದೂ ಜಾಸ್ತೀನೇ ಅಕ್ಕ” ಎಂದಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾ. “ಆದ್ರೆ ಈಗ ಕೂತ್ಕೊಂಡು ನೋಡ್ತೀನಿ.”