ಒಡೆಯುವವನ ಮನೆಯ ಬುದ್ಧ

ನಾನು ವಿಹಾರದ ಮುಂಬಾಗಿಲಲ್ಲಿ ಬುದ್ಧನನ್ನು ಮಾರುತ್ತೇನೆ. ಅವನು ವಿಹಾರದ ಹಿತ್ತಲಲ್ಲಿ ಬುದ್ಧನನ್ನು ಒಡೆಯುತ್ತಾನೆ. ಜನ ನನಗೆ ಕೈಮುಗಿಯುತ್ತಾರೆ, ಅವನನ್ನು ಕಂಡರೆ ದಾರಿ ಬದಲಿಸುತ್ತಾರೆ. ಇಬ್ಬರ ಹೊಟ್ಟೆಪಾಡೂ ಮೂರ್ತಿಯಿಂದಲೇ ನಡೆಯುವಾಗ ಮರ್ಯಾದೆಯೆಲ್ಲ ನನ್ನೊಬ್ಬನ ಪಾಲಿಗೆ ಬಂದದ್ದು ಹೇಗೋ. ಆದರೆ ಅವನ ಮನೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಅವನನ್ನು ಎಲ್ಲರೂ ಕರೆಯುವುದು ಸುತ್ತಿಗೆ ಎಂದು. ಹಳೆಯ ಕಟ್ಟಡ ಕೆಡವುವ ಕೂಲಿಯವನು. ವಿಹಾರದ ಹಳೇ ಗೋಡೆ ಕೆಡವಲು ಬಂದವನು ಅಲ್ಲೇ ಉಳಿದುಕೊಂಡ. ಉಳಿಸಿಕೊಂಡರು ಅನ್ನುವುದೇ ಸರಿ, ಏಕೆಂದರೆ ಬೇರೆ ಯಾರೂ ಮಾಡದ ಒಂದು ಕೆಲಸ ಅಲ್ಲಿ ಬಾಕಿಯಿತ್ತು.

ಮನೆಗಳಲ್ಲಿ ಮೂರ್ತಿ ಮುಕ್ಕಾಗುತ್ತದೆ. ಕೆಲಸದವಳ ಕೈ ತಗುಲಿ ಕಿವಿ ಹಾರುತ್ತದೆ, ಮಕ್ಕಳ ಚೆಂಡು ಬಡಿದು ಬೆರಳು ಮುರಿಯುತ್ತದೆ. ಮುಕ್ಕಾದದ್ದನ್ನು ಮನೆಯಲ್ಲಿಡಲು ಹೆದರಿಕೆ, ಕಸಕ್ಕೆ ಹಾಕಲು ಇನ್ನೂ ಹೆದರಿಕೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಬಂದು ವಿಹಾರದ ಹಿಂದಿನ ಜಗುಲಿಯ ಮೇಲೆ ಇಟ್ಟು, ಹಿಂದಿರುಗಿ ನೋಡದೆ ಹೋಗುತ್ತಾರೆ. ಇಟ್ಟವರು ಅದೇ ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಹೊಸದು ಕೊಳ್ಳುತ್ತಾರೆ. ನನಗೇನು, ವ್ಯಾಪಾರ.

ಜಗುಲಿ ತುಂಬಿ ಕಾಲಿಡಲು ಜಾಗವಿಲ್ಲದಂತಾದಾಗ ವಿಹಾರದ ಸಮಿತಿ ಒಂದು ತೀರ್ಮಾನ ಮಾಡಿತು. ಎಲ್ಲವನ್ನೂ ಒಡೆದು ಪುಡಿ ಮಾಡುವುದು, ಆ ಪುಡಿಯನ್ನು ಹೊಸದಾಗಿ ಕಟ್ಟುತ್ತಿದ್ದ ದೊಡ್ಡ ಮೂರ್ತಿಯ ಪೀಠದೊಳಗೆ ತುಂಬುವುದು. ತೀರ್ಮಾನ ಚೆನ್ನಾಗಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಆಗ ವಿಹಾರದ ಹಿರಿಯ ಭಿಕ್ಷು, ನಾವೆಲ್ಲ ಭಂತೇಜಿ ಎಂದು ಕರೆಯುವವರು, ಇವನನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು.

"ಮೂರ್ತಿ ಅನ್ನೋದು ಒಂದು ನೆಪ ಕಣಪ್ಪಾ. ಅಲೆಯೋ ಮನಸ್ಸನ್ನ ಕಟ್ಟಿ ಹಾಕೋಕೆ ಒಂದು ಗೂಟ, ಅಷ್ಟೇ. ಕೆಟ್ಟ ಉದ್ದೇಶ ಇಲ್ದೆ ಒಡೆದ್ರೆ ಪಾಪ ಇಲ್ಲ."

ಪಾಪವಿಲ್ಲ ಎಂದು ತಲೆಯಾಡಿಸಿದವರಲ್ಲಿ ಒಬ್ಬರೂ ಸುತ್ತಿಗೆ ಮುಟ್ಟಲಿಲ್ಲ. ಇವನು ಮುಟ್ಟಿದ. ಸಂಬಳದ ಜೊತೆಗೆ ಹಿತ್ತಲ ಗೋಡೆಗೆ ಆತುಕೊಂಡಿದ್ದ ಒಂದು ಕೋಣೆಯೂ ಸಿಕ್ಕಿತು. ತಗಡಿನ ಮಾಡು, ಒಂದೇ ಕಿಟಕಿ, ಒಂದು ಮಂಚ, ಗೋಡೆಯಲ್ಲಿ ಒಂದು ಹಲಗೆ. ಅಂದಿನಿಂದ ಅವನ ಕೈಯ ನೀರನ್ನು ಯಾರೂ ಕುಡಿಯಲಿಲ್ಲ. ಅವನ ಹೆಂಡತಿ ಪ್ರವಚನ ಕೇಳಲು ಬಂದು ಕೂತರೆ ಅಕ್ಕಪಕ್ಕದ ಹೆಂಗಸರು ಚಾಪೆ ಎಳೆದುಕೊಂಡು ಆಚೆ ಸರಿಯುತ್ತಿದ್ದರು. ಕೊನೆಗೆ ಅವಳು ಚಪ್ಪಲಿ ಬಿಡುವ ಜಾಗದಲ್ಲಿ ಕೂತು ಕೇಳುವುದನ್ನು ರೂಢಿ ಮಾಡಿಕೊಂಡಳು. ಅಲ್ಲಿಂದ ಮೂರ್ತಿ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. "ನಂಗೆ ಕಿವಿ ಚೆನ್ನಾಗಿದೆ ಅಣ್ಣಾ, ಅಷ್ಟು ಸಾಕು" ಎಂದು ನನ್ನ ಹತ್ತಿರ ನಗುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಆಸ್ಪತ್ರೆಯವರು ಕೊಯ್ದು ನೋಡಿ ಹಾಗೇ ಹೊಲಿದು, ಮನೆಗೆ ಕರೆದುಕೊಂಡು ಹೋಗಿ ಅಂದರು. ಆ ಮಾತಿನ ಅರ್ಥ ಗಂಡ ಹೆಂಡತಿ ಇಬ್ಬರಿಗೂ ಆಯಿತು.

ನಮ್ಮಲ್ಲಿ ಒಂದು ನಂಬಿಕೆ ಇದೆ. ಸಾಯುವವರ ಕಣ್ಣಿಗೆ ಕಡೆಯದಾಗಿ ಏನು ಬೀಳುತ್ತದೋ ಮನಸ್ಸು ಅದನ್ನೇ ಹಿಡಿದುಕೊಂಡು ಮುಂದಿನ ಜನ್ಮಕ್ಕೆ ಹೊರಡುತ್ತದೆ ಎಂದು. ಅದಕ್ಕೇ ಉಳ್ಳವರ ಮನೆಗಳಲ್ಲಿ ಕಾಯಿಲೆಯವರ ಕಣ್ಣೆದುರಿಗೆ ಮೂರ್ತಿ ಇಡುತ್ತಾರೆ. ಅವಳು ಬದುಕಿಡೀ ಗಂಡನ ಹತ್ತಿರ ಏನನ್ನೂ ಕೇಳಿದವಳಲ್ಲ. ಈಗ ಕೇಳಿದಳು. "ರೀ, ಆ ಹಲಗೆ ಮೇಲೆ ಒಂದು ಬುದ್ಧನ್ನ ತಂದಿಡ್ತೀರಾ? ನೋಡ್ತಾ ನೋಡ್ತಾ ಹೋಗ್ಬಿಡ್ತೀನಿ."

ಅವನು ನನ್ನ ಅಂಗಡಿಗೆ ಬಂದ. ಯಾವುದು ಬೇಕಾದರೂ ಎತ್ತಿಕೋ, ಕಾಸಿನ ಮಾತೆತ್ತಿದರೆ ಒದೀತೀನಿ ಅಂದೆ. ಅವನು ತಲೆ ಅಲ್ಲಾಡಿಸಿದ. "ಅಂಗಡೀದು ಗೊಂಬೆ ಅಣ್ಣಾ. ಭಂತೇಜಿ ಬಂದು ಮಂತ್ರ ಹೇಳಿ, ಜೀವ ತುಂಬಿಸ್ಬೇಕು. ಆಮೇಲೇ ಅದು ಬುದ್ಧ." ಅವನು ಹೇಳಿದ್ದು ಸರಿ. ನಾನು ಮಾರುವುದು ಗೊಂಬೆಯನ್ನೇ. ಭಿಕ್ಷುಗಳು ಅದರ ಮುಂದೆ ಕೂತು ಮಂತ್ರ ಪಠಿಸಿದ ಮೇಲೆಯೇ ಜನ ಅದಕ್ಕೆ ತಲೆ ಬಾಗುವುದು.

ಭಂತೇಜಿಯವರನ್ನು ಮನೆಗೆ ಕರೆಯಲು ಹೋದ. ಸಮಿತಿಯ ಅಧ್ಯಕ್ಷೆ ಅಲ್ಲೇ ಇದ್ದಳು. ಬಟ್ಟೆ ಅಂಗಡಿಯ ಯಜಮಾನತಿ, ದೊಡ್ಡ ಮೂರ್ತಿಗೆ ಚಿನ್ನದ ಲೇಪ ಮಾಡಿಸುತ್ತಿರುವ ದಾನಿ. ಅವಳೇ ಉತ್ತರ ಕೊಟ್ಟಳು. "ಒಡೆಯೋನ ಮನೇಲಿ ಪ್ರತಿಷ್ಠೆನಾ? ನಾಳೆ ನಮ್ಮನೆಗಳಿಗೆ ಭಂತೇಜಿ ಬಂದ್ರೆ ನಾವು ಏನಂದ್ಕೋಬೇಕು?" ಭಂತೇಜಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಬುದ್ಧ ಹೊರಗಿಲ್ಲ, ಒಳಗಿದ್ದಾನೆ. ಮೂರ್ತಿಗೆ ಅಂಟಿಕೊಳ್ಳುವುದೂ ಒಂದು ಬಂಧನವೇ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ನೋಡಲು ಹೇಳು. ಅವರ ಬೆನ್ನ ಹಿಂದೆ ಚಿನ್ನ ಬಳಿಯುವ ಕೆಲಸ ನಡೆಯುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಅವನು ಮನೆಗೆ ಹೋಗಲಿಲ್ಲ, ಜಗುಲಿಗೆ ಹೋದ. ಒಡೆಯಬೇಕಾದ ಮೂರ್ತಿಗಳು ಸಾಲಾಗಿದ್ದವು. ಅವನ ತಲೆಗೆ ಆಗ ಹೊಳೆದದ್ದು ಬಹಳ ಸರಳವಾದ ಲೆಕ್ಕ. ಇವೆಲ್ಲಕ್ಕೂ ಮಂತ್ರ ಆಗಿದೆ. ಮೂಗು ಮುರಿದರೆ ಮೂಗು ಹೋಯಿತು, ಹೇಳಿದ ಮಂತ್ರ ಎಲ್ಲಿಗೆ ಹೋಗುತ್ತದೆ? ಒಂದು ಪ್ಲಾಸ್ಟರಿನ ಬುದ್ಧನನ್ನು ಆರಿಸಿ ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದ. ಮೂಗೊಂದು ಬಿಟ್ಟರೆ ಎಲ್ಲ ಸರಿಯಾಗಿತ್ತು. ಬಣ್ಣ ಹೊಡೆಯುವವರ ಹತ್ತಿರ ಒಂದು ಹಿಡಿ ಪುಟ್ಟಿ ಬೇಡಿ ತಂದು ಮೂಗು ಮಾಡಲು ಕೂತ. ಬದುಕಿನಲ್ಲಿ ಮೊದಲ ಸಲ ಅವನು ಏನನ್ನೋ ಒಡೆಯದೆ ಕಟ್ಟಿದ್ದು. ಮೂಗು ದಪ್ಪಗೆ ಬಂತು, ತುದಿಯಲ್ಲಿ ಸ್ವಲ್ಪ ಸೊಟ್ಟ.

ಹೆಂಡತಿ ನೋಡಿ ನಕ್ಕಳು. "ಅಯ್ಯೋ, ನಿಮ್ಮ ಮೂಗನ್ನೇ ಇಟ್ಟಿದ್ದೀರಲ್ರೀ!" ಹೊಟ್ಟೆ ಹಿಡಿದುಕೊಂಡು, ನೋವಿನಿಂದ ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಸುಮ್ಮನಾಗಿ ನೋಡಿದಳು. "ಪರವಾಗಿಲ್ಲ, ನೋಡ್ತಾ ಇದ್ದಾನೆ" ಅಂದಳು.

ಆಮೇಲಿನ ದಿನಗಳಲ್ಲಿ ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಅವರಲ್ಲಿಗೆ ಹೋಗಿ ಕೂರುತ್ತಿದ್ದೆ. ನಾನು ತಂದುಕೊಟ್ಟ ಹೂವನ್ನು ಅವಳು ಹೇಳಿದ ಕಡೆ ಅವನು ಇಡಬೇಕು. ದೀಪ ಎಡಕ್ಕೆ, ನೀರಿನ ಬಟ್ಟಲು ಬಲಕ್ಕೆ. ಅವನು ತಪ್ಪಾಗಿ ಇಟ್ಟರೆ ಬೈಯುತ್ತಿದ್ದಳು. ಬೈಯುವಾಗ ಅವಳಿಗೆ ನೋವು ಕಡಿಮೆ ಇರುತ್ತಿತ್ತು ಎಂದು ನನಗನಿಸುತ್ತದೆ. ಇದ್ದಷ್ಟು ದಿನ ಆ ಕೋಣೆ ಮನೆಯಾಗಿತ್ತು.

ಅಧ್ಯಕ್ಷೆಗೆ ವರ್ಷಕ್ಕೊಮ್ಮೆ ಪುಣ್ಯ ಸಂಪಾದನೆಯ ಹುಚ್ಚು ಹತ್ತುತ್ತದೆ. ವಿಹಾರದ ಸುತ್ತಮುತ್ತಲಿನ ರೋಗಿಗಳಿಗೆ ಹಣ್ಣು ಹಂಚುವುದು, ಹಂಚುವಾಗ ಫೋಟೋ ತೆಗೆಸುವುದು. ಅಂದು ಹಣ್ಣಿನ ಬುಟ್ಟಿ, ಫೋಟೋದವನು, ಹಿಂದೆ ಭಂತೇಜಿ, ಇಷ್ಟು ಮೆರವಣಿಗೆ ನಾನು ಕೂತಿದ್ದ ಆ ಕೋಣೆಗೂ ಬಂತು. ಹಣ್ಣು ಕೊಡಲು ಬಗ್ಗಿದ ಅಧ್ಯಕ್ಷೆ ಹಲಗೆಯ ಕಡೆ ನೋಡಿದಳು. ಮೂರ್ತಿಯ ಮೊಣಕಾಲಿನ ಮೇಲೆ ಹಿಂದೆಂದೋ ದೀಪ ತಾಗಿ ಕಪ್ಪಾದ ಕಲೆ ನೋಡಿದಳು. ಹಣ್ಣು ಅವಳ ಕೈಯಲ್ಲೇ ಉಳಿಯಿತು.

"ಇದು ನಮ್ಮತ್ತೆ ಪೂಜೆ ಮಾಡ್ತಿದ್ದ ಮೂರ್ತಿ! ಮೂಗು ಮುರೀತು ಅಂತ ಒಡೆಯೋಕೆ ಕೊಟ್ಟಿದ್ದು!"

"ಹೌದು ಅಮ್ಮಾವ್ರೇ" ಅಂದ ಅವನು. "ಇವಳಿಗೋಸ್ಕರ ಇಟ್ಕೊಂಡೆ."

"ಅದಕ್ಕೇ ನೋಡು, ಕೊಟ್ಟಾಗಿಂದ ಅಂಗಡೀಲಿ ವ್ಯಾಪಾರ ಇಲ್ಲ. ನಮ್ಮನೆ ಅದೃಷ್ಟ ಇವನ ಮನೇಲಿ ಬಂದು ಕೂತಿದೆ!"

ನನಗೆ ಮೈಯೆಲ್ಲ ಉರಿಯಿತು. ಅದೃಷ್ಟ ಅಂತೆ! ಆ ಅದೃಷ್ಟ ಮೂಳೆಗೆ ಚರ್ಮ ಅಂಟಿಕೊಂಡು ಮಂಚದ ಮೇಲೆ ಮಲಗಿತ್ತು. ಬೇಕಿದ್ದರೆ ಇವಳನ್ನೂ ಹೊತ್ತುಕೊಂಡು ಹೋಗಿ ಅಮ್ಮಾವ್ರೇ, ನಿಮ್ಮ ಅದೃಷ್ಟ ಪೂರ್ತಿ ವಾಪಸ್ ಬರುತ್ತೆ ಅಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಈಗಲೇ ಒಡಿ" ಅಂದಳು ಅವನಿಗೆ. "ನನ್ನ ಕಣ್ಣೆದುರೇ ಒಡಿ. ಇಲ್ಲಾಂದ್ರೆ ಸಾಯಂಕಾಲದೊಳಗೆ ಕೋಣೆ ಖಾಲಿ ಮಾಡು."

ಅವನು ಅಧ್ಯಕ್ಷೆಯ ಕಾಲ ಬಳಿ ಕೂತ. "ಇನ್ನೊಂದೆರಡು ದಿನ ಅಮ್ಮಾವ್ರೇ. ಜಾಸ್ತಿ ಇಲ್ಲ ಅಂತ ಡಾಕ್ಟ್ರು ಹೇಳಿದಾರೆ. ಆಮೇಲೆ ನಾನೇ ಒಡೀತೀನಿ."

"ಅಲ್ಲೀವರೆಗೆ ನನ್ನ ಅಂಗಡಿ ಗತಿ?"

ಅವನು ಭಂತೇಜಿಯವರ ಮುಖ ನೋಡಿದ. ಭಂತೇಜಿ ನೆಲ ನೋಡುತ್ತಾ, "ಒಡೆಯೋಕೆ ಅಂತಲೇ ಕೊಟ್ಟದ್ದಲ್ವಾ ಅಪ್ಪಾ" ಅಂದರು. ಅಷ್ಟೇ. ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ದೊಡ್ಡ ಅನ್ಯಾಯ ಮಾಡಬಹುದು ಎಂದು ನನಗೆ ಅಂದು ಗೊತ್ತಾಯಿತು.

ಅಲ್ಲಾಡಿಸಿದರೆ ಪ್ರಾಣ ಹೋಗುವಂಥವಳನ್ನು ಬೀದಿಗೆ ಎತ್ತಿಕೊಂಡು ಹೋಗುವುದಾದರೂ ಹೇಗೆ? ಅವನು ಎದ್ದು ಹಲಗೆಯಿಂದ ಮೂರ್ತಿ ಎತ್ತಿಕೊಂಡ. ಅಲ್ಲಿ ಆದ ಮಾತು ಹೆಂಡತಿಗೆ ಪೂರ್ತಿ ಕೇಳಿಸಿರಲಿಲ್ಲ. ಮಂಪರಿನಲ್ಲಿದ್ದಳು.

"ರೀ, ಎಲ್ಲಿಗೆ ತಗೊಂಡು ಹೋಗ್ತಿದ್ದೀರಾ?"

"ಮೂಗು ಬಿರುಕು ಬಿಟ್ಟಿದೆ ಕಣೇ. ಸರಿ ಮಾಡ್ಕೊಂಡು ತರ್ತೀನಿ."

"ಮೂಗು ಚೆನ್ನಾಗೇ ಇದೆ. ನಂಗೆ ಅದೇ ಇರ್ಲಿ."

"ಬಂದ್ಬಿಟ್ಟೆ, ಈಗ ಬಂದೆ."

ಅವನ ಹಿಂದೆಯೇ ಎಲ್ಲರೂ ಹಿತ್ತಲಿಗೆ ಹೋದರು. ಹಣ್ಣಿನ ಬುಟ್ಟಿಯನ್ನು ವಾಪಸ್ ಒಯ್ಯುವುದನ್ನು ಮಾತ್ರ ಅವರು ಮರೆಯಲಿಲ್ಲ. ನಾನು ಅಂಗಡಿಗೆ ಓಡಿದೆ. ಇದ್ದುದರಲ್ಲಿ ಎಲ್ಲಕ್ಕಿಂತ ಚೆಂದದ ಮೂರ್ತಿ ತಂದು ಹಲಗೆಯ ಮೇಲೆ ಇಟ್ಟು, ದೀಪವನ್ನು ಅದರ ಎಡಕ್ಕೆ ಸರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಮುಖ ತಿರುಗಿಸಲಿಲ್ಲ, ನನ್ನ ಮನಸ್ಸು ನೋಯಬಾರದಲ್ಲ.

"ಅಣ್ಣಾ, ಚೆನ್ನಾಗಿದೆ. ಆದ್ರೆ ಇದು ನನ್ನ ನೋಡ್ತಾ ಇಲ್ಲ."

ಗೋಡೆಯಾಚೆ ಸುತ್ತಿಗೆ ಬಿತ್ತು.

"ಅದು ನಮ್ಮದೇ ಅಲ್ವಾ?" ಅಂದಳು.

"ಇಲ್ಲಮ್ಮ, ಅದು ಬೇರೆ. ಸಿಮೆಂಟಿಂದು ಯಾವುದೋ."

"ಸಿಮೆಂಟಿನ ಸದ್ದು ಹೀಗಿರಲ್ಲ ಅಣ್ಣಾ. ಇದು ಪ್ಲಾಸ್ಟರು." ಎರಡನೆಯ ಏಟು ಬಿತ್ತು, ಮೂರನೆಯದೂ ಬಿತ್ತು. ಅವಳು ಅಳಲಿಲ್ಲ. ಉಸಿರು ಮಾತ್ರ ಮೇಲಕ್ಕೆ ಹತ್ತಿತು, ಕೆಳಗಿಳಿಯಲು ತಡ ಮಾಡಿತು. ನಾನು ಕಿಟಕಿಯಿಂದ ಅವನನ್ನು ಕೂಗಿದೆ.

ಓಡಿ ಬಂದ. ಮೊಣಕೈಯವರೆಗೆ ಬೆಳ್ಳಗಾಗಿದ್ದ. ಬಂದವನೇ ಎರಡೂ ಕೈಯಲ್ಲಿ ಅವಳ ಕೆನ್ನೆ ಹಿಡಿದುಕೊಂಡು "ನೋಡು, ಬಂದೆ ಕಣೇ, ನೋಡು" ಅಂದ. ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು.

"ಕೈ ತೊಳ್ಕೊಂಡು ಬನ್ನಿ" ಅಂದಳು.

ಅವನು ಹೊರಗೆ ಹೋಗಿ ಡ್ರಮ್ಮಿನ ನೀರಿನಲ್ಲಿ ಕೈ ಅದ್ದಿ ಉಜ್ಜತೊಡಗಿದ. ಪ್ಲಾಸ್ಟರಿನ ಪುಡಿ ನೀರು ತಾಗಿದರೆ ಇನ್ನೂ ಅಂಟಿಕೊಳ್ಳುತ್ತದೆ. ಅವನು ಉಜ್ಜಿ ಬರುವಷ್ಟರಲ್ಲಿ ಅವಳು ಹೋಗಿದ್ದಳು. ಕಣ್ಣು ತೆರೆದೇ ಇತ್ತು, ಅವನು ಹೋದ ಬಾಗಿಲ ಕಡೆಗೆ. ಎರಡೂ ಕೆನ್ನೆಯ ಮೇಲೆ ಅವನ ಬೆರಳುಗಳ ಬಿಳಿ ಗುರುತು. ಹೆಣ ತೊಳೆಯಲು ಕರೆದ ಹೆಂಗಸರು ಅದನ್ನು ನೋಡಿ, ಅದು ಮೂರ್ತಿಯ ಪುಡಿ, ನಾವು ಮುಟ್ಟಲ್ಲ ಅಂದರು. ಅವನೇ ತೊಳೆದ.

ಶವದ ಮುಂದೆ ಭಂತೇಜಿ ಒಳ್ಳೆಯ ಪ್ರವಚನ ಮಾಡಿದರು. ಹುಟ್ಟಿದ್ದೆಲ್ಲ ಅಳಿಯುತ್ತದೆ ಅಂದರು. ಅಧ್ಯಕ್ಷೆ ದಾನಕ್ಕೆ ಬಿಳಿ ಬಟ್ಟೆ ತಂದಿದ್ದಳು, ಬೆಲೆಯ ಚೀಟಿ ಅದರ ಅಂಚಿಗೆ ಇನ್ನೂ ಅಂಟಿಕೊಂಡಿತ್ತು. ಎಲ್ಲ ಮುಗಿದ ಮೇಲೆ ಅವನು ಭಂತೇಜಿಯವರ ಮುಂದೆ ಮಂಡಿಯೂರಿದ.

"ಒಂದು ಮಾತು ಭಂತೇಜಿ. ಕಡೇಗೆ ಅವಳ ಕಣ್ಣಿಗೆ ಬಿದ್ದಿದ್ದು ನನ್ನ ಕೈ. ಬುದ್ಧನ್ನ ಒಡೆದು ಹಾಗೇ ಬಂದ ಕೈ. ಈಗ ಅವಳು ಎಲ್ಲಿ ಹುಟ್ತಾಳೆ?"

ಭಂತೇಜಿ ಹೆಗಲ ಬಟ್ಟೆ ಸರಿಪಡಿಸಿಕೊಂಡರು. ಆಮೇಲೆ, "ಎಲ್ಲ ಅವರವರ ಕರ್ಮ ಕಣಪ್ಪಾ" ಅಂದರು.

"ಕರ್ಮ ಅವಳದು, ಸರಿ. ಕೈ ನಂದಲ್ವಾ ಭಂತೇಜಿ?"

ಅವರು ಎದ್ದರು. ಇನ್ನೊಂದು ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಅಧ್ಯಕ್ಷೆ ಹೊರಡುವಾಗ ಅವನ ಹತ್ತಿರ ನಿಂತು, "ನಾಳೆ ಒಂದಿನ ರಜ ತಗೋ, ಸಂಬಳ ಹಿಡಿಯಲ್ಲ" ಅಂದಳು. ಅಂದು ಅವಳು ಗಳಿಸಿದ ಪುಣ್ಯ ಅದೇ ಇರಬೇಕು.

ಅವನು ರಜ ತೆಗೆದುಕೊಳ್ಳಲಿಲ್ಲ. ಮರುದಿನ ನಾನು ಅಂಗಡಿ ತೆರೆಯುವ ಹೊತ್ತಿಗೆ ಹಿತ್ತಲಿನಿಂದ ಏಟಿನ ಸದ್ದು ಬರುತ್ತಿತ್ತು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದೆ. ನೀರು ತುಂಬಿ ಮುಂದಿಟ್ಟು, ಕೈ ತೊಳ್ಕೊ, ಊಟ ಮಾಡೋಣ ಅಂದೆ. ಅವನು ಬೇಡ ಅಂದ.

"ಇರ್ಲಿ ಬಿಡಿ ಅಣ್ಣಾ, ಇನ್ನು ತೊಳೆಯಲ್ಲ. ಸಾಯೋವಾಗ ನಾನೂ ಈ ಕೈನೇ ನೋಡ್ಕೊಂಡು ಸಾಯ್ತೀನಿ. ಅವಳನ್ನ ಎಲ್ಲಿಗೆ ಕಳಿಸಿದ್ದೀನೋ, ನಂಗೂ ಅಲ್ಲೇ ಜಾಗ ಸಿಗುತ್ತೆ."

ಆ ಕೈಯಲ್ಲೇ ಉಂಡು, ಜಗುಲಿಯಿಂದ ಮುಂದಿನದನ್ನು ಎತ್ತಿಕೊಂಡು ಬಂದ.